ಮನೆ ಸಾಬೂನಿಗೆ ಸುಗಂಧ: ಹದವರಿತು ಬೆರೆಸಿ

ತೆಂಗು ಬೆಳೆಯುವ ರೈತನ ಮನೆಯಲ್ಲಿ ಕೊಬ್ಬರಿ ಎಣ್ಣೆಗೆ ಕೊರತೆ ಇರುವುದಿಲ್ಲ. ಮಾರಿ ಉಳಿದ ಕೊಬ್ಬರಿಯನ್ನು ಗಾಣಕ್ಕೆ ಕೊಟ್ಟು ಎಣ್ಣೆ ಮಾಡಿಸಿಕೊಳ್ಳುವುದು ನಮ್ಮಲ್ಲಿ ವಾಡಿಕೆ. ಈ ಎಣ್ಣೆಯಿಂದ ಸ್ನಾನದ ಸಾಬೂನನ್ನು ಮನೆಯಲ್ಲಿಯೇ ತಯಾರಿಸಿಕೊಳ್ಳಬಹುದು ಎಂಬುದು ನಿಮಗೆ ತಿಳಿದಿರುವ ವಿಷಯವೇ. ಒಲೆಯ ಮೇಲಿಟ್ಟು ಕುದಿಸದೆ, ಎಣ್ಣೆಗೆ ಕಾಸ್ಟಿಕ್ ಸೋಡಾ ನೀರು ಬೆರೆಸಿ ತಿರುವಿ ಅಚ್ಚಿಗೆ ಸುರಿಯುವ ಈ ಕ್ರಮಕ್ಕೆ ತಣ್ಣನೆಯ ವಿಧಾನ ಎನ್ನುತ್ತಾರೆ. ಇದನ್ನು ಕಲಿತವರು ಮುಂದೆ ಕೇಳುವ ಮೊದಲ ಪ್ರಶ್ನೆ ಒಂದೇ: "ಅಂಗಡಿ ಸಾಬೂನಿನ ಹಾಗೆ ಘಮಘಮ ಅನ್ನಬೇಕಾದರೆ ಏನು ಹಾಕಬೇಕು, ಎಷ್ಟು ಹಾಕಬೇಕು?"

ಪ್ರಶ್ನೆ ಚಿಕ್ಕದು. ಆದರೆ ಮನೆಯಲ್ಲಿ ಮಾಡಿದ ಸಾಬೂನು ಕೆಡುವುದು ಬಹುತೇಕ ಈ ಹಂತದಲ್ಲಿಯೇ. ಆದ್ದರಿಂದ ಸುಗಂಧದ ವಿಷಯವನ್ನೇ ಇಲ್ಲಿ ಸ್ವಲ್ಪ ವಿವರವಾಗಿ ತಿಳಿಸಲಾಗಿದೆ.

ನನ್ನದೇ ಒಂದು ತಪ್ಪು

ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯಲ್ಲಿ ಮಹಿಳೆಯರ ಗುಂಪಿಗೆ ಸಾಬೂನು ತಯಾರಿಕೆ ತೋರಿಸಲು ಹೋಗಿದ್ದೆ. ಅವರು ತಮ್ಮ ತೋಟದ ಕಾಯಿಯಿಂದ ತೆಗೆಸಿದ ಮೂರು ಕಿಲೋ ಕೊಬ್ಬರಿ ಎಣ್ಣೆಯನ್ನು ತಂದಿಟ್ಟಿದ್ದರು. ನಾನು ಪೇಟೆಯಿಂದ ಮಲ್ಲಿಗೆ ವಾಸನೆಯ ಒಂದು ಸೀಸೆ ಸೆಂಟು ಕೊಂಡೊಯ್ದಿದ್ದೆ. ಅದು ಊದುಬತ್ತಿಗೆ ಹಾಕುವ ಸೆಂಟು ಎಂಬುದನ್ನು ವಿಚಾರಿಸಿರಲಿಲ್ಲ. ಎಣ್ಣೆ, ಸೋಡಾ ನೀರು ಎಲ್ಲ ಸರಿಯಾಗಿ ಕೂಡಿಕೊಂಡು ಮಿಶ್ರಣ ತೆಳು ಹದಕ್ಕೆ ಬಂದಿತ್ತು. ಸೆಂಟು ಸುರಿದೆ. ನಾಲ್ಕು ಸುತ್ತು ತಿರುವುವಷ್ಟರಲ್ಲಿ ಮಿಶ್ರಣ ಕಲ್ಲುಗಟ್ಟಿತು. ಸೌಟು ಪಾತ್ರೆಯಲ್ಲಿ ಸಿಕ್ಕಿಕೊಂಡು ನಿಂತುಬಿಟ್ಟಿತು. ಅಚ್ಚುಗಳು ಖಾಲಿಯಾಗಿಯೇ ಉಳಿದವು.

ಎಲ್ಲರೂ ಸುಮ್ಮನೆ ನೋಡುತ್ತಿದ್ದರು. ಕೊನೆಗೆ ಹಿರಿಯ ಹೆಣ್ಣುಮಗಳೊಬ್ಬರು, "ಸಾರ್, ಹೊಸ ಬೀಜ ಬಂದರೆ ಮೊದಲು ಒಂದು ಗುಂಟೆಯಲ್ಲಿ ಹಾಕಿ ನೋಡಿ ಅಂತ ನಮಗೆ ನೀವೇ ಹೇಳ್ತೀರಿ. ಇದನ್ನೂ ಒಂದು ಲೋಟದಲ್ಲಿ ಹಾಕಿ ನೋಡಬಾರದಿತ್ತಾ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ದಿನ ನಾನು ಕಲಿತದ್ದನ್ನೇ ಈ ಲೇಖನದಲ್ಲಿ ನಿಮಗೆ ಹೇಳಹೊರಟಿದ್ದೇನೆ.

ಕಾರ್ಖಾನೆ ಸಾಬೂನಿಗೂ ಮನೆ ಸಾಬೂನಿಗೂ ಇರುವ ವ್ಯತ್ಯಾಸ

ಸುಗಂಧದ ಸಾಬೂನಿಗೂ ನಮ್ಮ ನಾಡಿಗೂ ಹಳೆಯ ನಂಟು. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಮೈಸೂರು ಸಂಸ್ಥಾನದ ಶ್ರೀಗಂಧದ ಮರ ಯೂರೋಪಿಗೆ ಹೋಗುವುದು ನಿಂತಿತು. ಗಂಧದ ಎಣ್ಣೆಯನ್ನು ಇಲ್ಲಿಯೇ ತೆಗೆಯುವ ಕೆಲಸ 1916ರಲ್ಲಿ ಪ್ರಾರಂಭವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲ ಅದು. ಆ ಎಣ್ಣೆಯಿಂದ ಸಾಬೂನು ಮಾಡುವ ಸಲುವಾಗಿ ಎಸ್.ಜಿ. ಶಾಸ್ತ್ರಿ ಎಂಬ ರಸಾಯನಶಾಸ್ತ್ರಜ್ಞರನ್ನು ಇಂಗ್ಲೆಂಡಿಗೆ ಕಳುಹಿಸಿ ಕಲಿಸಲಾಯಿತು. ಬೆಂಗಳೂರಿನ ಸರ್ಕಾರಿ ಸಾಬೂನು ಕಾರ್ಖಾನೆ 1918ರಲ್ಲಿ ಕೆಲಸ ಆರಂಭಿಸಿತು.

ಸ್ನಾನದ ಸಾಬೂನಿನ ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಮೊದಲು ಸಾಬೂನನ್ನು ಪೂರ್ತಿ ತಯಾರಿಸಿ, ಒಣಗಿಸಿ, ಚೂರು ಮಾಡಿಕೊಳ್ಳುತ್ತಾರೆ. ಆ ಚೂರಿಗೆ ಸುಗಂಧ ಬೆರೆಸಿ, ಯಂತ್ರದಲ್ಲಿ ಅರೆದು ಬಿಲ್ಲೆ ಒತ್ತುತ್ತಾರೆ. ಸುಗಂಧ ಸೇರುವ ಹೊತ್ತಿಗೆ ಕಾಸ್ಟಿಕ್ ಸೋಡಾ ತನ್ನ ಕೆಲಸ ಮುಗಿಸಿರುತ್ತದೆ. ಆದ್ದರಿಂದ ಅಲ್ಲಿ ಸುಗಂಧ ಹಾಗೆಯೇ ಉಳಿಯುತ್ತದೆ.

ಮನೆಯ ತಣ್ಣನೆಯ ವಿಧಾನದಲ್ಲಿ ಹಾಗಲ್ಲ. ನಾವು ಸುಗಂಧವನ್ನು ಬೆರೆಸುವುದು ಮಿಶ್ರಣ ಇನ್ನೂ ಹಸಿಯಾಗಿರುವಾಗ. ಆಗ ಸೋಡಾದ ಬಹುಪಾಲು ತೀಕ್ಷ್ಣವಾಗಿಯೇ ಇರುತ್ತದೆ, ಮಿಶ್ರಣದ ಶಾಖವೂ ಏರುತ್ತಿರುತ್ತದೆ. ಸುಗಂಧ ತೈಲವೆಂದರೆ ಹತ್ತಾರು ರಾಸಾಯನಿಕಗಳ ಕೂಟ. ಅವುಗಳಲ್ಲಿ ಕೆಲವು ಕ್ಷಾರಕ್ಕೆ ಸಿಕ್ಕಿ ಬದಲಾಗುತ್ತವೆ, ಕೆಲವು ಸಾಬೂನಾಗುವ ಕ್ರಿಯೆಯನ್ನೇ ಚುರುಕುಗೊಳಿಸುತ್ತವೆ, ಕೆಲವು ಬಿಸಿಗೆ ಹಾರಿಹೋಗುತ್ತವೆ. ಅಂದರೆ ಸುಗಂಧವು ಮೇಲೆ ಹಚ್ಚುವ ಅಲಂಕಾರವಲ್ಲ. ಎಣ್ಣೆ, ಸೋಡಾಗಳಂತೆ ಅದೂ ಪಾತ್ರೆಯಲ್ಲಿ ಕೆಲಸ ಮಾಡುವ ಒಂದು ವಸ್ತು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದದ್ದೆಲ್ಲ ಸುಲಭ.

ಮೂಲ ಸಾಬೂನು

ಸುಗಂಧಕ್ಕೆ ಮೊದಲು ಸಾಬೂನು ಸರಿಯಿರಬೇಕು. ಒಂದು ಕಿಲೋ ಎಣ್ಣೆಗೆ ಲೆಕ್ಕ ಹೀಗಿದೆ: ಕೊಬ್ಬರಿ ಎಣ್ಣೆ 600 ಗ್ರಾಂ, ಕಡಲೆಕಾಯಿ ಎಣ್ಣೆ 300 ಗ್ರಾಂ, ಹರಳೆಣ್ಣೆ 100 ಗ್ರಾಂ, ಕಾಸ್ಟಿಕ್ ಸೋಡಾ 152 ಗ್ರಾಂ, ನೀರು 330 ಗ್ರಾಂ.

100 ಗ್ರಾಂ ಕೊಬ್ಬರಿ ಎಣ್ಣೆ ಪೂರ್ತಿ ಸಾಬೂನಾಗಲು ಸುಮಾರು 18.3 ಗ್ರಾಂ, ಕಡಲೆಕಾಯಿ ಎಣ್ಣೆಗೆ 13.6 ಗ್ರಾಂ, ಹರಳೆಣ್ಣೆಗೆ 12.8 ಗ್ರಾಂ ಸೋಡಾ ಬೇಕು. ಮೇಲಿನ ಮಿಶ್ರಣಕ್ಕೆ ಒಟ್ಟು 163 ಗ್ರಾಂ ಆಗುತ್ತದೆ. ಚರ್ಮಕ್ಕೆ ಹಿತವಾಗಿರಲೆಂದು ಶೇಕಡಾ 7ರಷ್ಟು ಕಡಿಮೆ ಹಾಕಿ 152 ಗ್ರಾಂ ಮಾಡಲಾಗಿದೆ. ಎಣ್ಣೆ ಬದಲಾದರೆ ಸೋಡಾದ ಲೆಕ್ಕವೂ ಬದಲಾಗುತ್ತದೆ. ಎಲ್ಲವನ್ನೂ ತೂಗಿಯೇ ತೆಗೆದುಕೊಳ್ಳಿ. ಲೋಟ, ಚಮಚದ ಅಳತೆ ನಡೆಯದು. ಅಡುಗೆ ಸೋಡಾ, ಬಟ್ಟೆ ಒಗೆಯುವ ಸೋಡಾ ಬೇರೆ ವಸ್ತುಗಳು. ಅವುಗಳಿಂದ ಈ ಸಾಬೂನು ಆಗುವುದಿಲ್ಲ.

ಕಾಸ್ಟಿಕ್ ಸೋಡಾ ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯನ್ನೇ ಕಳೆಯಬಲ್ಲದು. ರಬ್ಬರ್ ಕೈಗವಸು, ಕಣ್ಣಿಗೆ ಮುಚ್ಚುಗನ್ನಡಕ, ತುಂಬು ತೋಳಿನ ಬಟ್ಟೆ ಇರಲೇಬೇಕು. ಗಾಳಿಯಾಡುವ ಜಾಗದಲ್ಲಿ, ಮಕ್ಕಳು ಮತ್ತು ಸಾಕುಪ್ರಾಣಿಗಳು ಬಾರದ ಕಡೆ ಕೆಲಸ ಮಾಡಿ. ಸೋಡಾವನ್ನು ಸ್ವಲ್ಪಸ್ವಲ್ಪವಾಗಿ ತಣ್ಣೀರಿಗೆ ಹಾಕಬೇಕೇ ಹೊರತು ಸೋಡಾದ ಮೇಲೆ ನೀರು ಸುರಿಯಬಾರದು. ಸುರಿದರೆ ಕುದಿದು ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಕೂಡದು, ಸೋಡಾ ಅದನ್ನು ತಿನ್ನುತ್ತದೆ. ಸ್ಟೀಲ್ ಪಾತ್ರೆಯೇ ಸರಿ. ಮೈಗೆ ಅಥವಾ ಕಣ್ಣಿಗೆ ಸಿಡಿದರೆ ನಿಂಬೆರಸ, ಹುಣಸೆರಸ ಹಚ್ಚಲು ಹೋಗದೆ, ಹರಿಯುವ ನೀರಿನಲ್ಲಿ ಬಿಡದೆ 20 ನಿಮಿಷ ತೊಳೆಯಿರಿ. ಕಣ್ಣಿಗೆ ಬಿದ್ದಿದ್ದರೆ ತೊಳೆದ ಕೂಡಲೇ ಆಸ್ಪತ್ರೆಗೆ ಹೋಗಲೇಬೇಕು.

ಸೋಡಾ ನೀರು ಮತ್ತು ಎಣ್ಣೆ ಎರಡೂ ಸುಮಾರು 40 ಡಿಗ್ರಿ ಸೆಲ್ಸಿಯಸ್‌ಗೆ ಬಂದ ಮೇಲೆ ನೀರನ್ನು ಎಣ್ಣೆಗೆ ನಿಧಾನವಾಗಿ ಸುರಿಯುತ್ತ ತಿರುವಿ. ಮೊದಲು ತೆಳುವಾಗಿರುವ ಮಿಶ್ರಣ ಕ್ರಮೇಣ ಮಂದವಾಗುತ್ತದೆ. ನೀರುದೋಸೆ ಹಿಟ್ಟಿಗಿಂತ ತುಸು ಗಟ್ಟಿಯಾಗಿ, ಸೌಟಿನಿಂದ ಬಿಟ್ಟ ಹನಿ ಮೇಲೆ ಕ್ಷಣಕಾಲ ಗೆರೆಯಾಗಿ ನಿಂತರೆ ಅದು ತೆಳು ಹದ. ಸುಗಂಧ ಬೆರೆಸಲು ಇದೇ ಸರಿಯಾದ ಸಮಯ. ಉದ್ದಿನ ಹಿಟ್ಟಿನಂತೆ ಗಟ್ಟಿಯಾಗುವವರೆಗೆ ಕಾದರೆ ಸುಗಂಧ ಸಮನಾಗಿ ಬೆರೆಯದು.

ಯಾವ ಸುಗಂಧ ಆರಿಸಬೇಕು?

ಸುಗಂಧಗಳಲ್ಲಿ ಎರಡು ಬಗೆ. ಗಿಡಮರಗಳಿಂದ ಬಟ್ಟಿ ಇಳಿಸಿ ತೆಗೆದ ತೈಲಗಳು ಒಂದು ಬಗೆ; ಕಾರ್ಖಾನೆಯಲ್ಲಿ ಕೂಡಿಸಿದ ಕೃತಕ ಸುಗಂಧಗಳು ಇನ್ನೊಂದು ಬಗೆ. ಗಿಡದ್ದೆಲ್ಲ ಒಳ್ಳೆಯದು, ಕೃತಕವೆಲ್ಲ ಕೆಟ್ಟದ್ದು ಎಂದು ತಿಳಿಯಬೇಡಿ. ಸಾಬೂನಿನ ಪಾತ್ರೆಯಲ್ಲಿ ಅದು ಹೇಗೆ ನಡೆದುಕೊಳ್ಳುತ್ತದೆ, ಚರ್ಮಕ್ಕೆ ಎಷ್ಟು ಸಹ್ಯ ಎಂಬುದೇ ಮುಖ್ಯ.

ಹೊಲದಲ್ಲಿ ಬೆಳೆಯಬಹುದಾದ ಹುಲ್ಲುಗಳ ಪೈಕಿ ಪಾಮರೋಸಾ ತೈಲ ಸಾಬೂನಿಗೆ ಬಹಳ ಒಗ್ಗುತ್ತದೆ. ಇದರ ಮುಖ್ಯ ಅಂಶವಾದ ಜೆರಾನಿಯಾಲ್ ಕ್ಷಾರವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ವಾಸನೆ ಗುಲಾಬಿಯನ್ನು ಹೋಲುತ್ತದೆ. ಮಜ್ಜಿಗೆ ಹುಲ್ಲಿನ, ಅಂದರೆ ನಿಂಬೆ ಹುಲ್ಲಿನ, ತೈಲದ ಮುಖ್ಯ ಅಂಶ ಸಿಟ್ರಾಲ್. ಇದರ ಸ್ವಲ್ಪ ಭಾಗ ಕ್ಷಾರದಲ್ಲಿ ಕೆಟ್ಟರೂ ಸಾಬೂನಿನಲ್ಲಿ ವಾಸನೆ ಚೆನ್ನಾಗಿಯೇ ನಿಲ್ಲುತ್ತದೆ. ಬಿಲ್ಲೆಗೆ ತುಸು ಹಳದಿ ಬಣ್ಣ ಬರುತ್ತದೆ. ಲಾವಂಚ ಮತ್ತು ಪಚೋಲಿ ತೈಲಗಳು ನಿಧಾನವಾಗಿ ಆರುವಂಥವು. ಇವುಗಳನ್ನು ಸ್ವಲ್ಪ ಬೆರೆಸಿದರೆ ಬೇಗ ಹಾರುವ ವಾಸನೆಗಳೂ ಹೆಚ್ಚು ದಿನ ನಿಲ್ಲುತ್ತವೆ. ಶ್ರೀಗಂಧದ ಎಣ್ಣೆಯೂ ಕ್ಷಾರಕ್ಕೆ ಜಗ್ಗದು. ಆದರೆ ಅದರ ಬೆಲೆಗೆ ಮನೆ ಸಾಬೂನಿನಲ್ಲಿ ಹಾಕುವುದು ದುಬಾರಿ.

ಕಿತ್ತಳೆ, ನಿಂಬೆ ಸಿಪ್ಪೆಯ ತೈಲಗಳು ಹಾಕಿದ ದಿನ ಘಮ್ಮೆಂದರೂ ಮಾಗುವಷ್ಟರಲ್ಲಿ ಬಹುಮಟ್ಟಿಗೆ ಹಾರಿಹೋಗುತ್ತವೆ. ಲವಂಗದ ಎಣ್ಣೆ ಮಿಶ್ರಣವನ್ನು ಕ್ಷಣದಲ್ಲಿ ಗಟ್ಟಿ ಮಾಡುತ್ತದೆ. ದಾಲ್ಚಿನ್ನಿ ಚಕ್ಕೆಯ ಎಣ್ಣೆ ಚರ್ಮವನ್ನು ಕೆರಳಿಸುವುದರಿಂದ ಅದನ್ನು ಬಿಡುವುದೇ ಲೇಸು. ಹೂವಿನ ವಾಸನೆಯ ಕೃತಕ ಸುಗಂಧಗಳಲ್ಲಿ ಅನೇಕವು ಬೇಗ ಗಟ್ಟಿ ಕಟ್ಟುವ ಸ್ವಭಾವದವು. ವೆನಿಲ್ಲಾ ಸೇರಿದ ಸುಗಂಧ ಯಾವುದೇ ಆಗಲಿ, ಬಿಲ್ಲೆಯನ್ನು ದಿನಕಳೆದಂತೆ ಕಂದು ಬಣ್ಣಕ್ಕೆ ತಿರುಗಿಸುತ್ತದೆ. ಇದರಿಂದ ಗುಣಕ್ಕೆ ಕುಂದಿಲ್ಲ, ನೋಟಕ್ಕೆ ಮಾತ್ರ.

ಮಲ್ಲಿಗೆ, ಗುಲಾಬಿ ಹೂಗಳನ್ನೇ ಅರೆದು ಹಾಕಿದರಾಗದೇ ಎಂದು ಕೆಲವರು ಕೇಳುತ್ತಾರೆ. ಎಸಳುಗಳು ಕ್ಷಾರದಲ್ಲಿ ಕಂದಿ ಕಪ್ಪಾಗುತ್ತವೆ, ವಾಸನೆಯೂ ಉಳಿಯದು. ಪನ್ನೀರಿನಲ್ಲಿ ಸೋಡಾ ಕರಗಿಸುವುದೂ ಪನ್ನೀರಿಗೆ ದಂಡ.

ಎರಡು ವಸ್ತುಗಳನ್ನು ಮಾತ್ರ ಎಂದೂ ಹಾಕಬೇಡಿ. ಒಂದು, ಊದುಬತ್ತಿಯ ಸೆಂಟು. ಅದು ಉರಿಯಲೆಂದು ಮಾಡಿದ್ದು, ಚರ್ಮಕ್ಕಲ್ಲ. ಅದನ್ನು ತೆಳು ಮಾಡಲು ಬೆರೆಸುವ ದ್ರಾವಕಗಳೂ ಸಾಬೂನಿಗೆ ಹೊಂದುವುದಿಲ್ಲ. ಎರಡು, ಬಟ್ಟೆಗೆ ಸಿಂಪಡಿಸುವ ಸೆಂಟು. ಅದರಲ್ಲಿರುವ ಮದ್ಯಸಾರ ಮಿಶ್ರಣವನ್ನು ಕೂಡಲೇ ಕಲ್ಲುಗಟ್ಟಿಸುತ್ತದೆ. ಅಂಗಡಿಯಲ್ಲಿ ಕೊಳ್ಳುವಾಗ "ಸಾಬೂನಿಗೆ ಹಾಕುವಂಥದ್ದು" ಎಂದು ಕೇಳಿ ಪಡೆಯಿರಿ. ಅಂತರರಾಷ್ಟ್ರೀಯ ಸುಗಂಧ ಸಂಘ 1973ರಲ್ಲಿ ಸ್ಥಾಪನೆಯಾದ ಸಂಸ್ಥೆ. ಯಾವ ಬಗೆಯ ವಸ್ತುವಿನಲ್ಲಿ ಯಾವ ಸುಗಂಧ ಎಷ್ಟು ಮೀರಬಾರದು ಎಂದು ಅದು ಮಿತಿ ಹಾಕಿದೆ. ಒಳ್ಳೆಯ ವ್ಯಾಪಾರಿಗಳು ಆ ಮಿತಿ ತಿಳಿಸುವ ಪತ್ರವನ್ನು ಕೇಳಿದರೆ ಕೊಡುತ್ತಾರೆ. ಅದರಲ್ಲಿ ಬಿಲ್ಲೆ ಸಾಬೂನು 9ನೆಯ ವರ್ಗದಲ್ಲಿ ಬರುತ್ತದೆ.

ಎಷ್ಟು ಹಾಕಬೇಕು?

ಕೃತಕ ಸುಗಂಧವಾದರೆ ಒಂದು ಕಿಲೋ ಎಣ್ಣೆಗೆ 30 ಗ್ರಾಂ ಸಾಕು. ವ್ಯಾಪಾರಿ ಕೊಟ್ಟ ಮಿತಿ ಇದಕ್ಕಿಂತ ಕಡಿಮೆಯಿದ್ದರೆ ಆ ಮಿತಿಯೇ ನಿಮ್ಮ ಮಿತಿ. ಮಜ್ಜಿಗೆ ಹುಲ್ಲಿನ ತೈಲವಾದರೆ ಕಿಲೋ ಎಣ್ಣೆಗೆ 15 ಗ್ರಾಂ ಮೀರಬೇಡಿ. ಸಿಟ್ರಾಲ್ ಹೆಚ್ಚಾದರೆ ಕೆಲವರ ಚರ್ಮಕ್ಕೆ ಆಗುವುದಿಲ್ಲ.

"ಇನ್ನಷ್ಟು ಹಾಕಿದರೆ ಇನ್ನಷ್ಟು ಘಮ" ಎಂಬುದು ಯೂರಿಯಾ ಹೆಚ್ಚು ಹಾಕಿದರೆ ಇಳುವರಿ ಹೆಚ್ಚು ಎಂದಂತೆಯೇ ತಪ್ಪು ಲೆಕ್ಕ. ಮಿತಿ ಮೀರಿದ ತೈಲ ಬಿಲ್ಲೆಯಲ್ಲಿ ಹಿಡಿಯದೆ ಮೇಲೆ ಜಿನುಗುತ್ತದೆ, ತುರಿಕೆ ತರುತ್ತದೆ, ಹಣವನ್ನೂ ತಿನ್ನುತ್ತದೆ. ಮಜ್ಜಿಗೆ ಹುಲ್ಲಿನಲ್ಲಿ ತೈಲದ ಅಂಶ ಹಸಿ ಹುಲ್ಲಿನ ತೂಕದ ಸುಮಾರು ಅರ್ಧ ಶೇಕಡಾ ಮಾತ್ರ. ನೀವು ಹಾಕುವ 15 ಗ್ರಾಂ ತೈಲದ ಹಿಂದೆ ಸುಮಾರು ಮೂರು ಕಿಲೋ ಹಸಿ ಹುಲ್ಲಿದೆ ಎಂಬುದು ನೆನಪಿರಲಿ.

ಸುಗಂಧ ತೈಲವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬಣ್ಣದ ಗಾಜಿನ ಸೀಸೆಯಲ್ಲಿ ಬಿಗಿಯಾಗಿ ಮುಚ್ಚಿ ನೆರಳಿನಲ್ಲಿಡಿ. ಪ್ಲಾಸ್ಟಿಕ್ ಡಬ್ಬಿಯನ್ನು ಕೆಲವು ತೈಲಗಳು ಕರಗಿಸುತ್ತವೆ.

ಮೊದಲು ಬಟ್ಟಲಿನಲ್ಲಿ ಪರೀಕ್ಷೆ

ಈಗ ಆ ಹಿರಿಯ ಹೆಣ್ಣುಮಗಳು ಹೇಳಿದ ಮಾತಿಗೆ ಬರೋಣ. ಹೊಸ ತಳಿ ಬಂದಾಗ ಇಡೀ ಹೊಲಕ್ಕೆ ಹಾಕದೆ ಒಂದು ತಾಕಿನಲ್ಲಿ ಬೆಳೆದು, ಪಕ್ಕದಲ್ಲಿ ಹಳೆಯ ತಳಿಯನ್ನೂ ಇಟ್ಟು ಹೋಲಿಸುತ್ತೇವೆ. ಸುಗಂಧಕ್ಕೂ ಅದೇ ಕ್ರಮ.

ಮೇಲೆ ಹೇಳಿದ ಒಂದು ಕಿಲೋ ಎಣ್ಣೆಯ ಮಿಶ್ರಣ ಒಟ್ಟು 1,482 ಗ್ರಾಂ ತೂಗುತ್ತದೆ. ಅಂದರೆ 150 ಗ್ರಾಂ ಮಿಶ್ರಣದಲ್ಲಿ ಸುಮಾರು 100 ಗ್ರಾಂ ಎಣ್ಣೆ ಇರುತ್ತದೆ. ಮಿಶ್ರಣ ತೆಳು ಹದಕ್ಕೆ ಬಂದ ಕೂಡಲೇ ಮೂರು ಸ್ಟೀಲ್ ಬಟ್ಟಲುಗಳಿಗೆ 150 ಗ್ರಾಂನಂತೆ ತೂಗಿ ತೆಗೆದುಕೊಳ್ಳಿ. ಉಳಿದ ಒಂದು ಕಿಲೋದಷ್ಟನ್ನು ಸುಗಂಧವಿಲ್ಲದೆ ಅಚ್ಚಿಗೆ ಸುರಿಯಿರಿ. ಅದೇ ನಿಮ್ಮ ಹೋಲಿಕೆಯ ತಾಕು. ಮೂರು ಬಟ್ಟಲಿಗೆ ಮೂರು ಬೇರೆ ಸುಗಂಧ ಹಾಕಿ. ಕೃತಕವಾದರೆ 3 ಗ್ರಾಂ, ಮಜ್ಜಿಗೆ ಹುಲ್ಲಿನದಾದರೆ 1.5 ಗ್ರಾಂ. ಇಷ್ಟು ಸಣ್ಣ ತೂಕಕ್ಕೆ ಅಕ್ಕಸಾಲಿಗರ ಬಳಿ ಇರುವಂಥ ಚಿಕ್ಕ ತಕ್ಕಡಿ ಬೇಕು. ಸೌಟಿನಿಂದ ನಿಧಾನವಾಗಿ ತಿರುವುತ್ತ ಗಡಿಯಾರ ನೋಡಿ.

ಹತ್ತು ನಿಮಿಷವಾದರೂ ಸುರಿಯುವ ಹದದಲ್ಲಿದ್ದರೆ ಆ ಸುಗಂಧ ನಂಬಿಕೆಗೆ ಅರ್ಹ. ಎರಡು ಮೂರು ನಿಮಿಷದಲ್ಲಿ ಗಟ್ಟಿಯಾದರೆ ಅದನ್ನು ಬಳಸಬಹುದು, ಆದರೆ ಅವಸರದ ಕೆಲಸ. ಸುರಿದ ಕ್ಷಣದಲ್ಲೇ ಕಲ್ಲುಗಟ್ಟಿದರೆ ಅಥವಾ ಅಕ್ಕಿ ನುಚ್ಚಿನಂತೆ ಕಾಳುಕಾಳಾಗಿ ಒಡೆದರೆ ಆ ಸೀಸೆಯನ್ನು ಬದಿಗಿಡಿ. ನೋಟ್ ಪುಸ್ತಕದಲ್ಲಿ ದಿನಾಂಕ, ಸುಗಂಧದ ಹೆಸರು, ಕೊಂಡ ಅಂಗಡಿ, ಗ್ರಾಂ, ಗಟ್ಟಿಯಾಗಲು ಹಿಡಿದ ನಿಮಿಷ ಬರೆದಿಡಿ. ಮರುದಿನ, ವಾರದ ನಂತರ, ತಿಂಗಳ ನಂತರ ಬಣ್ಣ ಮತ್ತು ವಾಸನೆ ನೋಡಿ ಅದನ್ನೂ ಬರೆಯಿರಿ. ಅಂಗಡಿ ಬದಲಾದರೆ ಹೆಸರು ಒಂದೇ ಇದ್ದರೂ ಮತ್ತೆ ಪರೀಕ್ಷಿಸಿ. ಪರೀಕ್ಷೆ ಕೆಟ್ಟರೆ ಹೋಗುವುದು 100 ಗ್ರಾಂ ಎಣ್ಣೆ ಮಾತ್ರ.

ಬೇಗ ಗಟ್ಟಿಯಾಗುವ ಸುಗಂಧವನ್ನೇ ಬಳಸಬೇಕೆಂದಿದ್ದರೆ ಎಣ್ಣೆ ಮತ್ತು ಸೋಡಾ ನೀರನ್ನು 30ರಿಂದ 35 ಡಿಗ್ರಿಗೆ ತಣಿಸಿ. ವಿದ್ಯುತ್ ಬ್ಲೆಂಡರ್ ಬಿಟ್ಟು ಕೈಯಿಂದಲೇ ತಿರುವಿ. ಲೆಕ್ಕದ ಎಣ್ಣೆಯಲ್ಲೇ ಸ್ವಲ್ಪ ತೆಗೆದಿಟ್ಟು, ಅದರಲ್ಲಿ ಸುಗಂಧ ಕಲಸಿ ಕೊನೆಯಲ್ಲಿ ಸೇರಿಸಿ. ಅಚ್ಚುಗಳನ್ನು ಮೊದಲೇ ಸಿದ್ಧವಾಗಿಟ್ಟುಕೊಳ್ಳಿ.

ಕೆಟ್ಟರೆ ಏನು ಮಾಡಬೇಕು?

ಕಲ್ಲುಗಟ್ಟಿದ ಸಾಬೂನನ್ನು ಎಸೆಯಬೇಕಾಗಿಲ್ಲ. ಪಾತ್ರೆಯಲ್ಲಿಯೇ ಬಿಟ್ಟರೆ ಒಳಶಾಖದಿಂದ ಅದು ಮತ್ತೆ ಸ್ವಲ್ಪ ಮೆತ್ತಗಾಗುತ್ತದೆ. ಆಗ ಕೈಗವಸು ಹಾಕಿಕೊಂಡು ಸೌಟಿನಿಂದ ಅಚ್ಚಿಗೆ ಒತ್ತಿ ತುಂಬಬಹುದು. ಅದಕ್ಕೂ ಒಗ್ಗದಿದ್ದರೆ ಸ್ವಲ್ಪ ನೀರು ಚಿಮುಕಿಸಿ, ಬಿಸಿನೀರಿನ ಪಾತ್ರೆಯೊಳಗೆ ಈ ಪಾತ್ರೆ ಇಟ್ಟು ಸಣ್ಣ ಉರಿಯಲ್ಲಿ ಒಂದೆರಡು ಗಂಟೆ ಬೇಯಿಸಿದರೆ ಮುದ್ದೆಯಂತೆ ಹದವಾಗುತ್ತದೆ. ನಾನು ಕೆಡಿಸಿದ ಆ ಮೂರು ಕಿಲೋ ಎಣ್ಣೆಯ ಸಾಬೂನನ್ನು ನಾವು ಹೀಗೆಯೇ ಉಳಿಸಿಕೊಂಡೆವು. ಊದುಬತ್ತಿ ಸೆಂಟು ಬೆರೆತಿದ್ದರಿಂದ ಮೈಗೆ ಹಚ್ಚಲು ಬಿಡದೆ ಬಟ್ಟೆ ಒಗೆಯಲು ಬಳಸಿದರು.

ಆದರೆ ಬಿಲ್ಲೆಯಲ್ಲಿ ಎಣ್ಣೆ ಅಥವಾ ನೀರು ಬೇರ್ಪಟ್ಟು ಜಿನುಗುತ್ತಿದ್ದರೆ, ಒಳಗೆ ಬಿಳಿಯ ಗುಳ್ಳೆಗಳು ಕಂಡರೆ, ಅಲ್ಲಿ ಸೋಡಾ ಹಾಗೆಯೇ ಉಳಿದಿರಬಹುದು. ಅಂಥದನ್ನು ಮೈಗೆ ಮುಟ್ಟಿಸಬೇಡಿ. ಮಣ್ಣು ಪರೀಕ್ಷೆಯಲ್ಲಿ ನೋಡುವ ರಸಸಾರವನ್ನೇ ಇಲ್ಲಿಯೂ ಕಾಗದದ ಪಟ್ಟಿಯಿಂದ ನೋಡಬಹುದು. ಚೆನ್ನಾಗಿ ಮಾಗಿದ ಸಾಬೂನಿನ ನೊರೆಯ ರಸಸಾರ ಸಾಮಾನ್ಯವಾಗಿ 9ರಿಂದ 10.5ರ ಒಳಗಿರುತ್ತದೆ. 11 ದಾಟಿದರೆ ಆ ಸಾಬೂನು ಬಳಕೆಗೆ ಯೋಗ್ಯವಲ್ಲ.

ಮಾಗಿಸುವುದು, ಮಾರುವುದು

ಕೊಬ್ಬರಿ ಎಣ್ಣೆ ಹೆಚ್ಚಿರುವ ಸಾಬೂನು ಬೇಗ ಗಡುಸಾಗುವುದರಿಂದ ಮರುದಿನವೇ ಕತ್ತರಿಸಿ. ತಡವಾದರೆ ಅಂಚು ಒಡೆಯುತ್ತದೆ. ಬಿಲ್ಲೆಗಳನ್ನು ಬಿದಿರಿನ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ, ನೆರಳಿನಲ್ಲಿ ಗಾಳಿಯಾಡುವ ಕಡೆ ನಾಲ್ಕರಿಂದ ಆರು ವಾರ ಮಾಗಿಸಿ. ಮಳೆಗಾಲದಲ್ಲಿ ಇನ್ನೂ ಹೆಚ್ಚು ದಿನ ಬೇಕಾದೀತು. ಬೇರೆ ಬೇರೆ ಸುಗಂಧದ ಬಿಲ್ಲೆಗಳನ್ನು ಒಂದೇ ತಟ್ಟೆಯಲ್ಲಿಟ್ಟರೆ ವಾಸನೆಗಳು ಬೆರೆತುಹೋಗುತ್ತವೆ. ಮೊದಲ ಸಲ ಬಳಸುವಾಗ ಮೊಣಕೈಯ ಒಳಭಾಗಕ್ಕೆ ಹಚ್ಚಿ ತೊಳೆದು, ಒಂದು ದಿನ ಕಾದು ನೋಡಿ. ಹಸುಗೂಸುಗಳಿಗೆ ಸುಗಂಧದ ಸಾಬೂನು ಬೇಡ.

ಮನೆ ಬಳಕೆಗೆ ಯಾರ ಅಪ್ಪಣೆಯೂ ಬೇಕಿಲ್ಲ. ಮಾರಾಟ ಮಾಡುವುದಾದರೆ ಸ್ನಾನದ ಸಾಬೂನು ಸೌಂದರ್ಯವರ್ಧಕಗಳ ಗುಂಪಿಗೆ ಸೇರುತ್ತದೆ. 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯಿದೆ, 2020ರ ಸೌಂದರ್ಯವರ್ಧಕಗಳ ನಿಯಮಗಳ ಪ್ರಕಾರ ತಯಾರಿಕಾ ಪರವಾನಗಿ ಪಡೆಯಬೇಕು. ಗುಂಪು ಕಟ್ಟಿಕೊಂಡು ಈ ಉದ್ಯೋಗಕ್ಕೆ ಇಳಿಯುವವರು ಮೊದಲು ಇದನ್ನು ವಿಚಾರಿಸಿ ಮುಂದುವರಿಯುವುದು ಕ್ಷೇಮ. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಲಹೆ ಕೇಳಿ. ಸುಗಂಧ ಹುಲ್ಲುಗಳನ್ನು ಬೆಳೆದು ತೈಲ ತೆಗೆಯುವ ಆಸಕ್ತಿಯಿದ್ದರೆ, ಔಷಧೀಯ ಮತ್ತು ಸುಗಂಧ ಸಸ್ಯಗಳ ಕೇಂದ್ರೀಯ ಸಂಸ್ಥೆಯಾದ ಸಿಮ್ಯಾಪ್‌ನ ಸಂಶೋಧನಾ ಕೇಂದ್ರ ಬೆಂಗಳೂರಿನಲ್ಲಿದೆ.

ಆ ಹಳ್ಳಿಯ ಗುಂಪಿನವರು ಮುಂದೆ ಪಾಮರೋಸಾ ತೈಲ ಹಾಕಿ ಸಾಬೂನು ಮಾಡಿದರು. ಎರಡನೆಯ ಸಲ ನಾನು ಹೋದಾಗ ಕಿಟಕಿಯ ಮೇಲೆ ಸಾಲಾಗಿ ಬಟ್ಟಲುಗಳಿದ್ದವು. ಪ್ರತಿಯೊಂದಕ್ಕೂ ಹೆಸರು, ದಿನಾಂಕ ಬರೆದ ಚೀಟಿ ಅಂಟಿಸಿದ್ದರು. ನಾನು ತಂದಿದ್ದ ಹೊಸ ಸೀಸೆಯನ್ನು ಆ ಹಿರಿಯ ಹೆಣ್ಣುಮಗಳು ನನ್ನ ಕೈಯಿಂದ ತೆಗೆದುಕೊಂಡು, ಮೊದಲು ಒಂದು ಬಟ್ಟಲನ್ನು ಮುಂದಿಟ್ಟರು. ನೀವೂ ಹಾಗೆಯೇ ಮಾಡಿ. ಎಣ್ಣೆ ನಿಮ್ಮ ತೋಟದ್ದು, ಶ್ರಮ ನಿಮ್ಮದು. ಒಂದು ಬಟ್ಟಲು ಮಿಶ್ರಣ, ಮೂರು ಗ್ರಾಂ ಸುಗಂಧ, ಹತ್ತು ನಿಮಿಷದ ತಾಳ್ಮೆ: ಇಷ್ಟಿದ್ದರೆ ಎರಡೂ ಉಳಿಯುತ್ತವೆ.